ಐದು ತಿಂಗಳಿಂದ ಸರಳೆ ವರಸೆಯಲ್ಲೇ ಇದ್ದೇನೆ, ಇದು ಮುಗಿಯುದು ಯಾವಾಗ?

ಮುಳ್ಳೇರಿಯ_ಅಕ್ಕ
ಎಲ್ರಿಗೂ ನಮಸ್ಕಾರ. ಹಾಡುವವ್ರು ಕಲಿಸುವವ್ರು ಇಲ್ಲಿ ಸುಮಾರು ಜನ ಇದ್ದೀರಿ ಅಂತ ಧೈರ್ಯ ಮಾಡಿ ಕೇಳ್ತಿದ್ದೇನೆ, ನಗಾಡ್ಬೇಡಿ. ನನಗೆ ಈಗ 41. ಸಣ್ಣದಿರುವಾಗಿಂದ ಭಜನೆಗೆ ಹೋಗುವ ಅಭ್ಯಾಸ, ಶುಕ್ರವಾರ ಶುಕ್ರವಾರ ಮಂಡಳಿಯಲ್ಲಿ ಹಾಡ್ತೇನೆ, ಸ್ವರ ಉಂಟು ಅಂತ ಎಲ್ರೂ ಹೇಳ್ತಾರೆ, ಆದ್ರೆ ಮೇಲಿನ ಸ್ಥಾಯಿಗೆ ಹೋದ ಕೂಡ್ಲೇ ಗಾಂಧಾರದ ಹತ್ರ ಗಂಟಲು ಒಡೀತದೆ, ಒಂದೋ ಕಿರುಚಿದ ಹಾಗೆ ಕೇಳ್ತದೆ ಇಲ್ಲದಿದ್ರೆ ಸ್ವರವೇ ಇಲ್ಲ ಬರೀ ಗಾಳಿ. ಕಳೆದ ವರ್ಷ ನವರಾತ್ರಿಗೆ ಒಂಬತ್ತು ದಿನ ಹಾಡಿ ಹತ್ತನೇ ದಿನ ಮಾತೇ ಹೊರಡ್ಲಿಲ್ಲ, ಮನೆಯಲ್ಲಿ ಎಲ್ರಿಗೂ ಖುಷಿ, ನಾನು ಮಾತ್ರ ಹೆದರಿದ್ದು.

ಹಾಗೆ ಈ ಜೂನ್‌ನಲ್ಲಿ ಸಂಗೀತ ಕ್ಲಾಸಿಗೆ ಸೇರಿದೆ, ಮಕ್ಕಳೊಟ್ಟಿಗೇ ಕೂತ್ಕೊಂಡು. ಐದು ತಿಂಗಳಾಯ್ತು. ನಮ್ಮ ಟೀಚರ್ ಸರಳೆ ವರಸೆ, ಅಂದ್ರೆ ಸ ರಿ ಗ ಮ ಹತ್ತಿ ಇಳಿಯುವ ಮೊದಲ ಪಾಠ, ಅದನ್ನು ಬಿಟ್ಟು ಒಂದಿಂಚು ಮುಂದೆ ಹೋಗುದಿಲ್ಲ. ನನ್ನ ಬದಿಯಲ್ಲಿ ಕೂರುವ ನಾಲ್ಕನೇ ಕ್ಲಾಸಿನ ಮಗು ಒಂದೊಂದು ಸ್ವರ ಎರಡೆರಡು ಸಲ ಹಾಡುವ ಜಂಟಿ ವರಸೆಗೆ ಹೋಗಿ ಆಯ್ತು. ಹದಿನಾಲ್ಕು ವರಸೆಯೂ ನನಗೆ ಬಾಯಿಪಾಠ ಉಂಟು, ನಿದ್ದೆಯಲ್ಲಿ ಎಬ್ಬಿಸಿದ್ರೂ ಹೇಳ್ತೇನೆ. ಮತ್ತೆ ಎಂತಕ್ಕೆ ಇದರಲ್ಲೇ ಕೂರ್ಸುದು? ಭಜನೆ ಹಾಡುವವಳಿಗೆ ಇದೆಲ್ಲ ಬೇಕಾ ನಿಜವಾಗಿ?

ನೀರ್ಚಾಲು_ಹುಡುಗ
ಫೀಸು ಎಷ್ಟು ಅಕ್ಕ ತಿಂಗಳಿಗೆ? ಅಲ್ಲಿ ಉಂಟು ಉತ್ತರ 😄

ಕಾಸ್ರೋಡು_ಟೀಚರ್
ಮೇಲಿನ ಹುಡುಗನಿಗೆ ಆಮೇಲೆ ಹೇಳ್ತೇನೆ, ಮೊದಲು ಅಕ್ಕನ ಪ್ರಶ್ನೆ. ಬಾಯಿಪಾಠ ಆಗುದು ಬೇರೆ, ಗಂಟಲಿಗೆ ಪಾಠ ಆಗುದು ಬೇರೆ. ವರಸೆ ಅಂದ್ರೆ ಮಗ್ಗಿ ಅಲ್ಲ, ಒಮ್ಮೆ ಕಲ್ತ್ರೆ ಮುಗೀತು ಅಂತ ಇಲ್ಲ. ನಿಮ್ಮನ್ನು ಒಂದು ಪ್ರಶ್ನೆ ಕೇಳ್ತೇನೆ, ಒಂದನೇ ವರಸೆ ಸ್ವರ ಹೇಳದೆ ಬರೀ ಅಕಾರದಲ್ಲಿ, ತುಂಬಾ ನಿಧಾನಕ್ಕೆ, ತಂಬೂರಿ ಇಟ್ಟು ಹಾಡಿ ರೆಕಾರ್ಡ್ ಮಾಡಿ ಕೇಳಿದ್ದೀರಾ? ಮಾಡಿ ನೋಡಿ. ಸ್ವರ ಹೇಳುವಾಗ ಸ, ಗ, ಮ, ಪ, ದ ಎಲ್ಲ ಬಾಯಿ ತೆರೆಯುವ ಅಕ್ಷರ, ರಿ ಮತ್ತು ನಿ ಮಾತ್ರ ಇಕಾರ, ಬಾಯಿ ಕಿರಿದಾಗ್ತದೆ. ತುಂಬಾ ಜನರಿಗೆ ರಿಯಲ್ಲಿ ಮತ್ತು ನಿಯಲ್ಲಿ ಸ್ವರ ಮೂಗಿಗೆ ಹೋಗುದು ಅಲ್ಲಿಂದ್ಲೇ ಶುರು. ಅಕಾರದಲ್ಲಿ ಹಾಡುವಾಗ ಅಡಗಿಕೊಳ್ಳಲಿಕ್ಕೆ ಜಾಗ ಇಲ್ಲ, ಯಾವುದು ಶ್ರುತಿಗೆ ನಿಲ್ಲುದಿಲ್ಲ ಅಂತ ಸಿಕ್ಕಿ ಬೀಳ್ತದೆ.

ಪಾಠ ಮಾಯಾಮಾಳವಗೌಳ ರಾಗದಲ್ಲಿ ಇಟ್ಟದ್ದು ಸಹ ಸುಮ್ಮನೆ ಅಲ್ಲ. ಈ ಕ್ರಮ ಪುರಂದರದಾಸರು ಹಾಕಿಕೊಟ್ಟದ್ದು ಅಂತ ಪರಂಪರೆಯಲ್ಲಿ ಹೇಳುದು. ಈ 15ನೇ ಮೇಳಕರ್ತ ರಾಗದಲ್ಲಿ ರಿ ಸಕ್ಕೆ ಒತ್ತಿಕೊಂಡೇ ಇರ್ತದೆ, ಗ ಮಕ್ಕೆ ಒತ್ತಿಕೊಂಡಿರ್ತದೆ, ರಿಯಿಂದ ಗಕ್ಕೆ ದೊಡ್ಡ ದಾಟು. ಪದಿಂದ ಮೇಲೆ ಹೋದ್ರೆ ಅದೇ ನಕ್ಷೆ ಪುನಃ, ದ ಪಕ್ಕೆ ಒತ್ತಿ, ನಿ ಮೇಲಿನ ಸಕ್ಕೆ ಒತ್ತಿ. ಕೆಳಗಿನ ಅರ್ಧ ಸರಿ ಆದ್ರೆ ಮೇಲಿನ ಅರ್ಧಕ್ಕೆ ಅದೇ ಅಳತೆ. ಸಣ್ಣ ಅಂತರವನ್ನೂ ದೊಡ್ಡ ಅಂತರವನ್ನೂ ಒಟ್ಟೊಟ್ಟಿಗೆ ಗಂಟಲಿಗೆ ಅಭ್ಯಾಸ ಮಾಡಿಸುದು.

ಕಪ್ಪು_ಎರಡು
ಟೀಚರ್ ಹೇಳುದು ಸಂಗೀತದ ಲೆಕ್ಕಕ್ಕೆ ಸರಿ. ಆದ್ರೆ ನಾವು ಯಕ್ಷಗಾನದ ಭಾಗವತಿಕೆ ಕಲಿತವ್ರು, ನಮಗೆ ಯಾವ ಸರಳೆಯೂ ಇರ್ಲಿಲ್ಲ, ತಾಳ ಹಾಕಿ ಪದ ಹೇಳುದೇ ಪಾಠ, ಪಕ್ಕದಲ್ಲೇ ಚೆಂಡೆ ಹೊಡೀತಿರುವಾಗ ಅದರ ಮೇಲೆ ಸ್ವರ ಕೇಳ್ಬೇಕು. ಒಡೆದು ಒಡೆದೇ ಗಂಟಲು ಪಳಗುದು ಮಾರಾಯ್ರೇ. ಹಿಂದಿನವ್ರು ಬೆಳಗ್ಗೆ ಕೆರೆಯಲ್ಲಿ ಕುತ್ತಿಗೆ ಮಟ್ಟ ನೀರಲ್ಲಿ ನಿಂತು ಸಾಧನೆ ಮಾಡ್ತಿದ್ರು ಅಂತ ನಮ್ಮ ಅಜ್ಜ ಹೇಳುವವ್ರು. ಅಕಾರ ಇಕಾರ ಅಂತ ಕೂತ್ರೆ ಆಟಕ್ಕೆ ಹೋಗುದು ಯಾವಾಗ?

ಬೇಳ_ಕ್ವಾಯರ್
ಒಡೆದು ಪಳಗಿದವ್ರನ್ನು ನಾವು ಕೇಳಿದ್ದು, ಒಡೆದು ಒಡೆದೇ ಹೋದವ್ರನ್ನು ಯಾರೂ ಕೇಳ್ಲಿಲ್ಲ, ಯಾಕಂದ್ರೆ ಅವ್ರು ಹಾಡುದೇ ಬಿಟ್ರು.

ಕಪ್ಪು_ಎರಡು
ಅದೂ ಒಂದು ಪೋಯಿಂಟ್.

ಸ್ವರ_ಚಿಕಿತ್ಸೆ
ನಾನು ಸ್ಪೀಚ್ ಥೆರಪಿಸ್ಟ್, ಊರು ಪೆರ್ಲದ ಹತ್ರ. ಗಂಟಲು "ಒಡೆದು" ಗಟ್ಟಿ ಆಗುವ ವಸ್ತು ಅಲ್ಲ ಅಣ್ಣ, ಅದು ಕೈಯ ತೊಗಲಲ್ಲ ದಡ್ಡು ಕಟ್ಟಿದ್ರೆ ಒಳ್ಳೆದಾಗ್ಲಿಕ್ಕೆ. ಧ್ವನಿ ತಂತುಗಳ ಮೇಲೆ ದಡ್ಡು ಕಟ್ಟಿದ್ರೆ ಅದಕ್ಕೆ ನಾಡ್ಯೂಲ್ ಅಂತಾರೆ, ಎರಡು ತಂತು ಸರಿಯಾಗಿ ಸೇರುದಿಲ್ಲ, ಮಧ್ಯದಲ್ಲಿ ಗಾಳಿ ಸೋರ್ತದೆ, ಸ್ವರ ಕರಕರ ಆಗ್ತದೆ.

ಅಕ್ಕ ಹೇಳಿದ "ಒಡೆಯುದು" ಅದಲ್ಲ, ಅದು ಬೇರೆ. ಕೆಳಗಿನ ಸ್ವರಕ್ಕೆ ಒಂದು ಸ್ನಾಯು ತಂತುವನ್ನು ದಪ್ಪ, ಸಡಿಲ ಇಡ್ತದೆ, ಮೇಲೆ ಹೋದ ಹಾಗೆ ಇನ್ನೊಂದು ಸ್ನಾಯು ಅದನ್ನು ಎಳೆದು ತೆಳು ಮಾಡ್ತದೆ. ಈ ಎರಡು ಸ್ನಾಯು ಕೆಲಸ ಬದಲಾಯಿಸಿಕೊಳ್ಳುವ ಜಾಗ ಉಂಟು ಎಲ್ರ ಗಂಟಲಲ್ಲೂ. ಕೆಳಗಿನ ಸ್ವರದ ಸ್ನಾಯು ಕಡೆಯವರೆಗೂ ಬಿಡದೆ ಹಿಡ್ಕೊಂಡು ಮತ್ತೆ ಒಮ್ಮೆಲೇ ಬಿಟ್ರೆ, ಟಕ್ ಅಂತ ಸ್ವರ ಮುರೀತದೆ. ವ್ಯಾಯಾಮದ ಕೆಲಸ ಇಷ್ಟೇ, ಅವನಿಗೆ ಸ್ವಲ್ಪ ಸ್ವಲ್ಪ ಬಿಡ್ಲಿಕ್ಕೆ ಕಲಿಸುದು. ದೊಡ್ಡ ಸ್ವರದಲ್ಲಿ ಅಲ್ಲ, ಸಣ್ಣ ಸ್ವರದಲ್ಲಿ. ಜೋರಾಗಿ ಹಾಡಿದ್ರೆ ಅವ ಇನ್ನೂ ಗಟ್ಟಿ ಹಿಡೀತಾನೆ.

ಮನೆಯಲ್ಲಿ ಮಾಡ್ಲಿಕ್ಕೆ ಸುಲಭದ್ದು: ತುಟಿ ಸಡಿಲ ಬಿಟ್ಟು ಬ್ರ್‌ರ್‌ರ್ ಅಂತ ಮಕ್ಕಳು ಬಸ್ಸು ಬಿಡುವ ಹಾಗೆ, ಅದರಲ್ಲೇ ಸ ಪ ಸ ಅಂತ ಜಾರಿಸಿಕೊಂಡು ಮೇಲೆ ಹೋಗಿ ಕೆಳಗೆ ಬನ್ನಿ. ಅಥವಾ ಬೊಂಡ (ಎಳನೀರು) ಕುಡಿಯುವ ಸ್ಟ್ರಾ ಬಾಯಲ್ಲಿಟ್ಟು ಅದರೊಳಗೆ ಊ ಅಂತ ಸ್ವರ ಬಿಡಿ. ಬಾಯಿ ಅರ್ಧ ಮುಚ್ಚಿದ್ರೆ ಗಾಳಿಯ ಒತ್ತಡ ಸ್ವಲ್ಪ ಹಿಂದೆ ತಳ್ತದೆ, ತಂತುಗಳು ಬಡಿದುಕೊಳ್ಳದೆ ಮೆಲ್ಲ ಸೇರ್ತವೆ. ಐದು ನಿಮಿಷ ಸಾಕು. ತುಟಿ ನಿಂತು ಹೋಗ್ತದೆ ಅಂದ್ರೆ ಉಸಿರು ಕಡಿಮೆ ಆಗಿದೆ ಅಂತ ಅರ್ಥ, ಅದೇ ನಿಮಗೆ ಮೀಟರು.

ಮತ್ತೆ ಒಂದು, ಸ್ವರ ಬಿದ್ದದ್ದು ಮೂರು ವಾರ ಕಳೆದ್ರೂ ಸರಿ ಆಗದಿದ್ರೆ ಕಾಳುಮೆಣಸು ಕಲ್ಲುಸಕ್ಕರೆ ಬಿಟ್ಟು ಇ.ಎನ್.ಟಿ. ಡಾಕ್ಟ್ರಲ್ಲಿಗೆ ಹೋಗಿ.

ನೀರ್ಚಾಲು_ಹುಡುಗ
ಬೆಳಗ್ಗೆ ಬ್ರ್‌ರ್‌ರ್ ಮಾಡಿದೆ, ನಾಯಿ ಓಡಿ ಹೋಯ್ತು.

ಪೆಟ್ಟಿಗೆ_ಮಾಷ್ಟ್ರು
ನಾನು ಮೂವತ್ತು ವರ್ಷದಿಂದ ಭಜನೆಗೆ ಹಾರ್ಮೋನಿಯಂ ನುಡಿಸ್ತಿದ್ದೇನೆ. ಯಾರೂ ಕೇಳದ ಪ್ರಶ್ನೆ ನಾನು ಕೇಳ್ತೇನೆ. ಅಕ್ಕ, ನಿಮ್ಮ ಮಂಡಳಿಯಲ್ಲಿ ಶ್ರುತಿ ಯಾವುದು, ಅಂದ್ರೆ ಹಾರ್ಮೋನಿಯಂ ಪೆಟ್ಟಿಗೆಯ ಯಾವ ಮೆಟ್ಟನ್ನು ಸ ಅಂತ ಹಿಡಿಯುದು?

ಮುಳ್ಳೇರಿಯ_ಅಕ್ಕ
ಅದು ನನಗೆ ಗೊತ್ತಿಲ್ಲ ಮಾಷ್ಟ್ರೇ, ಹಾರ್ಮೋನಿಯಂನವ್ರು ಹಿಡೀತಾರೆ ನಾವು ಹಾಡ್ತೇವೆ. ಕೇಳಿ ಹೇಳ್ತೇನೆ.

ಮುಳ್ಳೇರಿಯ_ಅಕ್ಕ
ಕೇಳಿದೆ. ಕಪ್ಪು ಒಂದು ಅಂತೆ, ಯಾವಾಗ್ಲೂ ಅದೇ ಅಂತೆ. ಕ್ಲಾಸಲ್ಲಿ ಟೀಚರ್ ಇಡುದು ಬಿಳಿ ಐದು.

ಪೆಟ್ಟಿಗೆ_ಮಾಷ್ಟ್ರು
ಸಿಕ್ಕಿತಲ್ಲ ಕಳ್ಳ!

ಕಪ್ಪು ಒಂದು ಗಂಡಸ್ರಿಗೆ ಹದವಾದ ಶ್ರುತಿ. ಹೆಂಗಸ್ರು ಅದೇ ಶ್ರುತಿಗೆ ಹಾಡುವಾಗ ಗಂಡಸ್ರ ಸಕ್ಕೆ ಇಳಿಯಲಿಕ್ಕೆ ಆಗುದಿಲ್ಲ, ಹಾಗೆ ಒಂದು ಸ್ಥಾಯಿ ಮೇಲೆ ಹಿಡ್ಕೊಳ್ತಾರೆ. ಈಗ ಪೆಟ್ಟಿಗೆ ಮುಂದೆ ಇಟ್ಟು ಎಣಿಸಿ ನೋಡಿ. ಬಿಳಿ ಐದರಲ್ಲಿ ಹಾಡಿದ್ರೆ ನಿಮ್ಮ ಮೇಲಿನ ಸ ಎಲ್ಲಿ ಬರ್ತದೆ, ಕಪ್ಪು ಒಂದರಲ್ಲಿ ಮೇಲಿನ ಸ ಎಲ್ಲಿ ಬರ್ತದೆ. ಕಪ್ಪು ಬಿಳಿ ಎಲ್ಲ ಸೇರಿ ಮಧ್ಯೆ ಆರು ಮೆಟ್ಟು ವ್ಯತ್ಯಾಸ! ಅಂದ್ರೆ ಭಜನೆಯಲ್ಲಿ ನೀವು ತಾರ ಸ ಅಂತ ಹಾಡುದು ಕ್ಲಾಸಿನ ಶ್ರುತಿಗೆ ತಾರ ಸ್ಥಾಯಿಯ ಪ್ರತಿಮಧ್ಯಮ, ಅಂದ್ರೆ ಎತ್ತರದ ಮ. ಅದರ ಮೇಲೆ ಗಾಂಧಾರ ಅಂದ್ರೆ ಕ್ಲಾಸಿನ ತಾರ ನಿಷಾದ! ಕಚೇರಿಯವ್ರೂ ಸಾಮಾನ್ಯ ತಾರ ಪಂಚಮ ಮುಟ್ಟಿ ವಾಪಾಸು ಬರ್ತಾರೆ, ನೀವು ಶುಕ್ರವಾರ ಶುಕ್ರವಾರ ಅದನ್ನೂ ದಾಟಿ ಹೋಗ್ತಿದ್ದೀರಿ, ಅದೂ ತಾಳದ ಶಬ್ದದ ಮೇಲೆ. ಒಡೆಯದೆ ಎಂತ ಮಾಡ್ತದೆ ಪಾಪ ಗಂಟಲು.

ಕಾಸ್ರೋಡು_ಟೀಚರ್
ಮಾಷ್ಟ್ರೇ ನಿಮಗೆ ನಮಸ್ಕಾರ. ನಾನು ವರಸೆ ವರಸೆ ಅಂತ ಕೂತೆ, ಶ್ರುತಿ ಕೇಳ್ಲೇ ಇಲ್ಲ.

ಸ್ವರ_ಚಿಕಿತ್ಸೆ
ಸರಿಯಾದ ಲೆಕ್ಕ. ಸ್ವರ ಹೀಗೆ ಬದಲಾಗುವ ಜಾಗಕ್ಕೆ ತಿರುವು ಅಂತೇನೆ, ಹೆಚ್ಚಿನ ಹೆಂಗಸ್ರಿಗೆ ಎರಡನೇ ತಿರುವು ಬರುದೂ ಸುಮಾರು ಅಲ್ಲೇ. ಬಿಳಿ ಐದರ ಲೆಕ್ಕದಲ್ಲಿ ಮೊದಲನೇ ತಿರುವು ಮಧ್ಯ ಸ್ಥಾಯಿಯ ದ ನಿ ಹತ್ರ ಬರ್ತದೆ. ಕ್ಲಾಸಲ್ಲಿ ದ ನಿ ಸ ಹಾಡುವಾಗ ಸ್ವರದ ಬಣ್ಣ ಬದಲಾಗ್ತದಾ ಅಕ್ಕ?

ಮುಳ್ಳೇರಿಯ_ಅಕ್ಕ
ಆಗ್ತದೆ!! ಅದಕ್ಕೇ ಟೀಚರ್ ದ ನಿ ಹತ್ರ ಬಂದ ಕೂಡ್ಲೇ "ಪುನಃ" ಅಂತ ಹೇಳುದು. ನಾನು ಗ್ರೇಶಿದ್ದು ನಾನು ವಯಸ್ಸಾದವಳು ಅಂತ ಸತಾಯಿಸುದು ಅಂತ. ಚಿಕ್ಕದಿರುವಾಗ ಅಜ್ಜಿ ಹೇಳ್ತಿದ್ರು, "ಬೊಬ್ಬೆ ಹಾಕೆಡ ಕೂಸೇ, ಪದ ಹೇಳು" ಅಂತ, ಅದು ಈಗ ನೆನಪಾಯ್ತು.

ಜತ್ತದಾಂವ
ನಮಸ್ಕಾರ್ರಿ, ನಾನು ಮಹಾರಾಷ್ಟ್ರದ ಜತ್ತ ಕಡಿಂದ, ನಿಮ್ಮ ಹಂಗ ಗಡಿಯಾಚೆ ಕನ್ನಡದಾಂವ. ನಾ ಹಿಂದೂಸ್ತಾನಿ ಕಲಿಯಾಕ ಮಿರಜಕ್ಕ ಹೋಗ್ತಿದ್ದೆ ಮೊದಲ. ನಮ್ಮಲ್ಲಿ ಆರು ತಿಂಗಳ ಬರೇ ಖರಜ್ ಹಾಕಿಸಿದ್ರ ನಮ್ಮ ಗುರುಗಳು, ಖರಜ್ ಅಂದ್ರ ಮಂದ್ರ ಸಾ. ಬೆಳಕ ಹರಿಯೂಕಿಂತ ಮೊದಲ ಎದ್ದು ತಂಬೂರಿ ಹಿಡಕೊಂಡು ಕೆಳಗಿಂದ ಕೆಳಗಿನ ಸ್ವರ ಹಚ್ಚಿ ಕೂಡೂದು, ಒತ್ತಬಾರದು, ಬಿಟ್ಟು ಬಿಡಬೇಕು ಅದನ್ನ, ನಿದ್ದಿಗಣ್ಣಾಗಿನ ದನಿ ಹೆಂಗ ಇರ್ತದ ಹಂಗ. ಮ್ಯಾಲಿನ ಸ್ವರ ಬರ್ಬೇಕಂದ್ರ ಕೆಳಗ ಬುನಾದಿ ಹಾಕು ಅಂತಿದ್ರು. ನನಗೂ ಈ ಅಕ್ಕನ ಹಂಗ ಸಿಟ್ಟ ಬರ್ತಿತ್ತು. ಒಂದಿನ ಸುಮ್ನ ಕೂತು ಹಾಡಕೋತ ಇದ್ದಾಗ ತಾರ ಸಪ್ತಕದ ಗ ತಾನ ಹತ್ತಿ ಬಿಡ್ತ್ರಿ, ನಾ ಹುಡುಕಿರ್ಲಿಲ್ಲ.

ನಿಮ್ಮ ಮಾಯಾಮಾಳವಗೌಳ ಅಂದ್ರ ನಮ್ಮ ಭೈರವ್ ಥಾಟಿನ ಸ್ವರಗಳ. ನಮ್ಮ ಕಡಿ ಮಂದಿಗೆ ಹೆಚ್ಚಾಗಿ ಬಿಲಾವಲ್‌ದಾಗ ಶುರು ಮಾಡಸ್ತಾರ, ಎಲ್ಲಾ ಶುದ್ಧ ಸ್ವರ. ಯಾವುದು ಚಲೋ ಅಂತ ಜಗಳ ಬ್ಯಾಡ್ರಿ.

ಬೇಳ_ಕ್ವಾಯರ್
ನಮ್ಮ ಇಗರ್ಜಿ ಕ್ವಾಯರ್‌ನಲ್ಲಿ ಇನ್ನೊಂದು ಥರ. ಸ ರಿ ಗ ಮ ಪ ಮ ಗ ರಿ ಸ ಅಂತ ಐದೇ ಸ್ವರ, ಅದನ್ನು ಒಂದು ಸಲ ಹಾಡುದು, ಕೀಬೋರ್ಡಿನವ ಒಂದು ಮೆಟ್ಟು ಮೇಲೆ ಹಾಕ್ತಾನೆ, ಪುನಃ ಅದನ್ನೇ ಹಾಡುದು, ಪುನಃ ಒಂದು ಮೆಟ್ಟು. ಎಲ್ಲಿ ಭುಜ ಮೇಲೆ ಹೋಗ್ಲಿಕ್ಕೆ ಶುರು ಆಗ್ತದೋ ಅಲ್ಲಿ ನಿಲ್ಲಿಸಿ ಕೆಳಗೆ ಬರುದು. ಈ ಥ್ರೆಡ್ ಓದುವಾಗ ಹೊಳೀತು, ನಿಮ್ಮ ಕರ್ನಾಟಕ ಸಂಗೀತದಲ್ಲಿ ಸ ಜಾಗ ಬಿಟ್ಟು ಅಲ್ಲಾಡುದಿಲ್ಲ, ವರಸೆ ಕಷ್ಟ ಆಗ್ತಾ ಹೋಗ್ತದೆ, ವೇಗ ಏರ್ತಾ ಹೋಗ್ತದೆ. ನಮ್ಮಲ್ಲಿ ವರಸೆ ಅದೇ, ಸ ಏರ್ತದೆ. ಎರಡೂ ಮೆಟ್ಟಿಲೇ, ಇಟ್ಟ ದಿಕ್ಕು ಬೇರೆ. ನನಗನಿಸುದು ಅಕ್ಕನಿಗೆ ಎರಡೂ ಬೇಕು.

ಕಾಸ್ರೋಡು_ಟೀಚರ್
ಇದು ಒಳ್ಳೆ ಮಾತು. ನಾನೂ ಕೆಲವು ಮಕ್ಕಳಿಗೆ ಹಾಗೆ ಮಾಡಿಸ್ತೇನೆ, ಬಿಳಿ ನಾಲ್ಕರಲ್ಲಿ ಶುರು ಮಾಡಿ ಕಪ್ಪು ಮೂರು, ಬಿಳಿ ಐದು, ಕಪ್ಪು ನಾಲ್ಕು ಅಂತ. ಆದ್ರೆ ದಿನಕ್ಕೆ ಒಂದೇ ಸಲ, ಅದನ್ನೇ ಪಂದ್ಯ ಮಾಡ್ಬಾರ್ದು.

ಅಕ್ಕ, ಇದು ಮುಗಿಯುದು ಯಾವಾಗ ಅಂತ ಕೇಳಿದ್ದೀರಲ್ಲ, ನನ್ನ ಲೆಕ್ಕ ಹೇಳ್ತೇನೆ, ನಿಮ್ಮ ಟೀಚರ್ ಲೆಕ್ಕ ಬೇರೆ ಇದ್ರೆ ಅವ್ರದ್ದೇ ಕೇಳಿ. ಮೆಟ್ರೊನೋಮ್ (ತಾಳ ಹಾಕುವ ಯಂತ್ರ) ನಿಮಿಷಕ್ಕೆ 60ಕ್ಕೆ ಇಡಿ, ಆದಿತಾಳದ ಎಂಟು ಏಟಿನ ಒಂದು ಆವರ್ತಕ್ಕೆ 8 ಸೆಕೆಂಡು. ಒಂದನೇ ಕಾಲದಲ್ಲಿ, ಅಂದ್ರೆ ಎಲ್ಲಕ್ಕಿಂತ ನಿಧಾನದ ವೇಗದಲ್ಲಿ, ಆರೋಹಣ ಒಂದು ಆವರ್ತ, ಅವರೋಹಣ ಒಂದು ಆವರ್ತ. ಮೊದಲು ಏರುದು ಒಂದೇ ಉಸಿರಲ್ಲಿ ಬರ್ಲಿ, ಇಳಿಯುದು ಇನ್ನೊಂದು ಉಸಿರಲ್ಲಿ. ಆಮೇಲೆ ಎರಡೂ ಸೇರಿ 16 ಸೆಕೆಂಡು ಒಂದೇ ಉಸಿರು. ಕಡೆಯ ಸ ನಡುಗಬಾರ್ದು, ಇಳಿದು ಬರುವಾಗ ಶ್ರುತಿ ತಗ್ಗಬಾರ್ದು. ಇಷ್ಟಾದ್ರೆ ಎರಡನೇ ಕಾಲ, ಮೂರನೇ ಕಾಲ. ವೇಗದಲ್ಲಿ ತಪ್ಪಿದ್ರೆ ವೇಗದಲ್ಲೇ ತಿದ್ದಬೇಡಿ, ಕೆಳಗಿನ ಕಾಲಕ್ಕೆ ಬನ್ನಿ.

ಜಂಟಿ ವರಸೆ ಬಂದಾಗ ಸಸ ರಿರಿ ಅಂತ ಎರಡನೇ ಸ್ವರಕ್ಕೆ ಒತ್ತು ಬೀಳ್ಬೇಕು. ಆ ಒತ್ತು ಹೊಟ್ಟೆಯಿಂದ ಬಂದ್ರೆ ಮುಂದೆ ಗಮಕಕ್ಕೆ (ಸ್ವರ ಅಲ್ಲಾಡಿಸಿ ಹಾಡುದಕ್ಕೆ) ದಾರಿ, ಗಂಟಲಿಂದ ಬಂದ್ರೆ ಕೆಮ್ಮಿಗೆ ದಾರಿ. ಅದಕ್ಕೇ ಸರಳೆಯಲ್ಲಿ ಹದ ಆಗದವ್ರನ್ನು ಜಂಟಿಗೆ ಕಳಿಸ್ಲಿಕ್ಕೆ ಹೆದರಿಕೆ, ಇದ್ದ ದೋಷ ಡಬಲ್ ಆಗ್ತದೆ, ಅಕ್ಷರಶಃ. ನಾಲ್ಕನೇ ಕ್ಲಾಸಿನ ಮಗುವಿಗೆ ಒಡೆದು ಹಾಡುವ ಅಭ್ಯಾಸ ಇಲ್ಲ, ಅದಕ್ಕೆ ಅದು ಮುಂದೆ ಹೋಯ್ತು. ನಿಮಗೆ ಮೂವತ್ತು ವರ್ಷದ್ದು ಬಿಡಿಸ್ಲಿಕ್ಕೆ ಉಂಟು. ದಾಟು ವರಸೆ, ಹೆಚ್ಚು ಸ್ಥಾಯಿ, ತಗ್ಗು ಸ್ಥಾಯಿ, ಏಳು ತಾಳದ ಅಲಂಕಾರ, ಮತ್ತೆ ಮಲಹರಿಯ ಗೀತೆ, ಅದೆಲ್ಲ ಬರ್ತದೆ, ಅವಸರ ಎಂತಕ್ಕೆ.

ನೀರ್ಚಾಲಿನ ಹುಡುಗನಿಗೆ: ನನ್ನ ಕ್ಲಾಸಿನ ಫೀಸು ನಿನ್ನ ಮೊಬೈಲ್ ರೀಚಾರ್ಜಿಗಿಂತ ಸ್ವಲ್ಪ ಜಾಸ್ತಿ, ಬಾ.

ಉಪ್ಪಳದ_ಅಮ್ಮ
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ, ಮಗನಿಗೆ 13, ಉಪಜಿಲ್ಲಾ ಕಲೋತ್ಸವಕ್ಕೆ ಕನ್ನಡ ಪದ್ಯಕ್ಕೆ ಹೆಸರು ಕೊಟ್ಟಿದ್ದೇವೆ, ಎರಡು ತಿಂಗಳಿಂದ ಸ್ವರ ಒಮ್ಮೆ ಕಾಗೆ ಒಮ್ಮೆ ಕೋಗಿಲೆ. ಇದೇ ವ್ಯಾಯಾಮ ಮಾಡಿಸಿದ್ರೆ ಸರಿ ಆಗ್ತದಾ?

ಸ್ವರ_ಚಿಕಿತ್ಸೆ
ಅದು ರೋಗ ಅಲ್ಲ ಅಮ್ಮ, ಬೆಳವಣಿಗೆ. ಗಂಟಲಿನ ಗೂಡು ದೊಡ್ಡದಾಗ್ತದೆ, ತಂತು ಉದ್ದ ಆಗ್ತದೆ, ಗಂಡು ಮಕ್ಕಳ ಸ್ವರ ಹೆಚ್ಚುಕಮ್ಮಿ ಒಂದು ಸ್ಥಾಯಿ ಕೆಳಗೆ ಇಳೀತದೆ. ಅದನ್ನು ಯಾವ ವ್ಯಾಯಾಮವೂ ನಿಲ್ಲಿಸುದಿಲ್ಲ, ನಿಲ್ಲಿಸ್ಲೂಬಾರ್ದು. ಹಳೇ ಶ್ರುತಿಗೆ ಎಳೆಯಬೇಡಿ. ಅವ ಮಾತಾಡುವ ಸ್ವರದ ಹತ್ತಿರ ಒಂದು ಶ್ರುತಿ ಹುಡುಕಿ, ಐದಾರು ಸ್ವರದ ಒಳಗೇ ಪದ್ಯ ಕೂರಿಸಿ. ದಿನಕ್ಕೆ ಹತ್ತು ನಿಮಿಷ ಸಾಕು.

ಕಪ್ಪು_ಎರಡು
ಪದ್ಯ ವಾಚನಕ್ಕೆ ಉಚ್ಚಾರ ಶುದ್ಧ ಇದ್ರೆ ಅರ್ಧ ಗೆದ್ದ ಹಾಗೆ, ಸ್ವರ ಸಣ್ಣ ಆದ್ರೆ ತೊಂದ್ರೆ ಇಲ್ಲ ಅಮ್ಮ. ಅಲ್ಪಪ್ರಾಣ ಮಹಾಪ್ರಾಣ ತಿದ್ದಿ ಕೊಡಿ.

ಇನ್ನು ನನ್ನ ವಿಷಯ. ಮೊದಲು ಬರೆದದ್ದರಲ್ಲಿ ಸ್ವಲ್ಪ ಜಂಭ ಇತ್ತು, ಒಪ್ತೇನೆ. ಕಳೆದ ವಾರ ತಾಳಮದ್ದಳೆಯಲ್ಲಿ ಎರಡು ಗಂಟೆ ಪದ ಹೇಳಿ ಇಳಿದ ಮೇಲೆ ಮರುದಿನ ಮಧ್ಯಾಹ್ನದವರೆಗೆ ಸ್ವರ ಇರ್ಲಿಲ್ಲ, ಅದನ್ನು ನಾನು "ಸಹಜ" ಅಂತ್ಲೇ ಇಪ್ಪತ್ತು ವರ್ಷದಿಂದ ಗ್ರೇಶಿದ್ದು. ಸ್ಟ್ರಾ ಪ್ರಯೋಗ ಮಾಡಿದೆ, ಯಾರೂ ಇಲ್ಲದಾಗ. ಆಟಕ್ಕೆ ಮೊದಲು ಐದು ನಿಮಿಷ, ಮುಗಿದ ಮೇಲೆ ಐದು ನಿಮಿಷ. ಮರುದಿನ ಬೆಳಗ್ಗೆ ಹಾಲಿನವನ ಹತ್ರ ಮಾತಾಡ್ಲಿಕ್ಕೆ ಸ್ವರ ಇತ್ತು. ಸಂಗೀತ ಕಲಿತ್ರೆ ಭಾಗವತಿಕೆ ಹಾಳಾಗ್ತದೆ ಅಂತ ನಮ್ಮಲ್ಲಿ ಒಂದು ಮಾತುಂಟು, ಆದ್ರೆ ಎಡನೀರಿನ ಕೇಶವಾನಂದ ಭಾರತಿ ಸ್ವಾಮಿಗಳು ಸಂಗೀತವೂ ಹಾಡ್ತಿದ್ರು ಭಾಗವತಿಕೆಯೂ ಮಾಡ್ತಿದ್ರು. ಕಾನೂನು ಓದುವವ್ರಿಗೆ ಅವ್ರು 1973ರ ಕೇಸಿನ ಹೆಸರು, ನಮಗೆ ಪದ ಹೇಳುವ ಸ್ವಾಮಿಗಳು. ಹಾಗಾಗಿ ಆ ಮಾತನ್ನು ನಾನು ಇನ್ನು ಹೇಳುದಿಲ್ಲ.

ಜತ್ತದಾಂವ
ಇದಕ್ಕ ಅಂತಾರ ನೋಡ್ರಿ ದೊಡ್ಡ ಮನಸ.

ಮುಳ್ಳೇರಿಯ_ಅಕ್ಕ
ಎಲ್ರಿಗೂ, ಎರಡೂವರೆ ತಿಂಗಳ ನಂತ್ರ ಬರೀತಿದ್ದೇನೆ, ಮಧ್ಯೆ ಅಡಿಕೆ ಕೊಯ್ಲು, ತಲೆ ಎತ್ತಲಿಕ್ಕೆ ಪುರುಸೊತ್ತಿಲ್ಲ. ಆದ್ರೆ ಅಡಿಕೆ ಸುಲಿಯುವಾಗ ಒಂದನೇ ವರಸೆ ಮೆಲ್ಲ ಮೂಗಿನಲ್ಲೇ ಗುನುಗ್ತಾ ಇದ್ದೆ, ಒಂದು ಅಡಿಕೆಗೆ ಒಂದು ಸ್ವರ, ಮೆಟ್ರೊನೋಮ್ ಬೇಡ. ಕೆಲಸದವಳು ಸಹ ಕಲ್ತಳು, ಅವಳಿಗೆ ನನಗಿಂತ ಒಳ್ಳೆ ಶ್ರುತಿ ಉಂಟು, ಅದು ಇನ್ನೊಂದು ಹೊಟ್ಟೆಕಿಚ್ಚು.

ಅಕಾರದಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಟೀಚರ್ ಹೇಳಿದ್ದು ಹೌದು, ನನ್ನ ರಿ ಮೇಲೆ ಮೇಲೆ ಹೋಗ್ತದೆ, ಇಳಿದು ಬರುವಾಗ ಕಡೆಯ ಸ ಶ್ರುತಿಗಿಂತ ತಗ್ಗಿ ಕೂರ್ತದೆ. ಒಂದು ತಿಂಗಳು ಅದೊಂದನ್ನೇ ಮಾಡಿದ್ದು. 16 ಸೆಕೆಂಡು ಒಂದೇ ಉಸಿರಲ್ಲಿ ಈಗ ಬರ್ತದೆ, ಚಳಿ ಇದ್ದ ದಿನ 13ಕ್ಕೇ ನಿಲ್ತದೆ. ದ ನಿ ಹತ್ರ ಇನ್ನೂ ಬಣ್ಣ ಬದಲಾಗುದು ನನಗೆ ಕೇಳ್ತದೆ, ಬೇರೆಯವ್ರಿಗೆ ಕೇಳುದಿಲ್ಲ ಅಂತೆ.

ಮಂಡಳಿಯಲ್ಲಿ ಶ್ರುತಿ ಬದಲಾಯಿಸ್ಲಿಕ್ಕೆ ದೊಡ್ಡ ಚರ್ಚೆ ಆಯ್ತು ಮಾಷ್ಟ್ರೇ. ಅಜ್ಜನ ಕಾಲದಿಂದ ಕಪ್ಪು ಒಂದೇ, ಈಗೆಂತ ಹೊಸತು ಅಂತ ಗಂಡಸ್ರದ್ದು. ನಾನು ಪೆಟ್ಟಿಗೆ ಎದುರು ಕೂತು ನೀವು ಹೇಳಿದ ಹಾಗೆ ಎಣಿಸಿ ತೋರ್ಸಿದೆ. ಕಡೆಗೆ ರಾಜಿ ಎಂತ ಅಂದ್ರೆ, ಹೆಂಗಸ್ರು ಎತ್ತಿಕೊಡುವ ನಾಲ್ಕು ಹಾಡು ಬಿಳಿ ಐದರಲ್ಲಿ, ಉಳಿದದ್ದು ಮೊದಲಿನ ಹಾಗೆ. ಬಿಳಿ ಐದರಲ್ಲಿ ಗಂಡಸ್ರಿಗೆ ಮೇಲಿನದ್ದು ಸಿಕ್ಕುದಿಲ್ಲ, ಮೊದಲ ಶುಕ್ರವಾರ ಒಬ್ರು ಹಿರಿಯರು ಅರ್ಧದಲ್ಲಿ ನಿಲ್ಲಿಸಿ "ಇದೆಂತ ಕಿರುಚುದು" ಅಂದ್ರು. ಹೆಂಗಸ್ರೆಲ್ಲ ನೆಗಾಡಿದ್ದೇ ನೆಗಾಡಿದ್ದು, ನಾವು ಇಷ್ಟು ವರ್ಷ ಮಾಡಿದ್ದೇ ಅದು!

ಮೊನ್ನೆ ಸೋಮವಾರ ನಮ್ಮ ಕ್ಲಾಸಿನ ಟೀಚರ್ ಜಂಟಿ ಶುರು ಮಾಡಿದ್ರು. ಒಂದು ಸಂಶಯ, ಎರಡನೇ ಕಾಲದಲ್ಲಿ ದದ ನಿನಿ ಹತ್ರ ಬಂದಾಗ ಒತ್ತು ಗಂಟಲಿಗೆ ಹೋಗ್ತದೆ, ಎಂತ ಮಾಡುದು?

ಕಾಸ್ರೋಡು_ಟೀಚರ್
ಒಂದನೇ ಕಾಲ.

ಮುಳ್ಳೇರಿಯ_ಅಕ್ಕ
ಗೊತ್ತಿತ್ತು ಹೇಳ್ತೀರಿ ಅಂತ 😄

ನೀರ್ಚಾಲು_ಹುಡುಗ
ಟೀಚರ್, ಕ್ಲಾಸು ಶನಿವಾರ ಎಷ್ಟು ಗಂಟೆಗೆ?